ಮೂಲೆ ಮನೆಯ ಹೊಸ್ತಿಲು

ಕೆಂದಿ ಹೊಸ್ತಿಲ ಮುಂದೆ ನಿಂತುಬಿಟ್ಟಿತು. ಕೊಂಬಿಗೆ ಸುತ್ತಿದ ಚೆಂಡುಹೂವಿನ ಸರ ಕಣ್ಣ ಮೇಲೆ ಜಾರಿತ್ತು. ಹೊಸದಾಗಿ ಸುಣ್ಣ ಬಳಿದ ಮನೆಯ ಒಳಗತ್ತಲನ್ನು ಒಮ್ಮೆ ಮೂಸಿ, ಮುಂಗಾಲು ಊರಿ ಹಿಂದಕ್ಕೆ ಜಗ್ಗಿತು. ಕರು ಅದರ ಹೊಟ್ಟೆಗೆ ಅಂಟಿಕೊಂಡು ಬೀದಿಯ ಕಡೆಗೇ ಮುಖ ಮಾಡಿತ್ತು.

"ಎಳೀರಮ್ಮಾ, ಮುಹೂರ್ತ ಮೀರ್ತಾ ಇದೆ," ಅಂದರು ಪುರೋಹಿತರು.

ಹಗ್ಗ ಹಿಡಿದು ಬಾಗಿಲ ಪಕ್ಕ ನಿಂತಿದ್ದ ಲಿಂಗಮ್ಮ ಎಳೆದ ಹಾಗೆ ಮಾಡಿದಳು.

ರಾಜಾಜಿನಗರದ ಆ ಸಾಲುಮನೆಗಳು ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿದ್ದವು. ಒಬ್ಬರು ಒಗ್ಗರಣೆ ಹಾಕಿದರೆ ಮೂರನೇ ಮನೆಯವರು ಕೆಮ್ಮಬೇಕು. ಗಿರಣಿ ಕೆಲಸದವರು, ಗುಮಾಸ್ತರು, ಒಬ್ಬ ಮರಾಠಿ ದರ್ಜಿ, ಬಳೆ ಮಾರುವ ಜೈತುನ್‌ಬಿ, ಎಲ್ಲರಿಗೂ ಒಂದೇ ಕೊಳಾಯಿ. ಎಲ್ಲರಿಗೂ ಲಿಂಗಮ್ಮನದೇ ಹಾಲು. ಮೂಲೆ ಮನೆಗೆ ಮಾತ್ರ ಪಕ್ಕದಲ್ಲಿ ಹಿತ್ತಲಿಗೆ ಹೋಗುವ ಓಣಿ ಇತ್ತು. ಅದರ ಪಕ್ಕಕ್ಕೇ ಇದ್ದ ಲಿಂಗಮ್ಮನ ಬಾಡಿಗೆ ಮನೆಗೆ ಅದಿಲ್ಲ. ಕುರುಬರಹಳ್ಳಿ ಬಯಲಲ್ಲಿ ಮೇದು ಬಂದ ಕೆಂದಿ ಮುಂಬಾಗಿಲಲ್ಲೇ ಒಳಗೆ ಬಂದು, ಮಕ್ಕಳ ಚಾಪೆ ದಾಟಿ, ಒಲೆಯ ಪಕ್ಕದಲ್ಲಿ ಹಾದು ಹಿತ್ತಲು ಸೇರಬೇಕು. ಮಳೆಗಾಲದಲ್ಲಿ ಗೊರಸಿನ ಕೆಸರು ಒರೆಸಿ ಒರೆಸಿ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಆ ಓಣಿಯೊಂದಿದ್ದಿದ್ದರೆ ಎಂದು ಅವಳು ಅಂದುಕೊಳ್ಳದ ದಿನವಿರಲಿಲ್ಲ.

ರಾಜ್ಯ ಒಂದಾದ ಮರುವರ್ಷ, ಮಾಲೀಕ ವೆಂಕಟರಮಣಪ್ಪ ಮೂಲೆ ಮನೆ ಮಾರುತ್ತಾನೆಂಬ ಸುದ್ದಿ ಮೊದಲು ಬಿದ್ದದ್ದು ಲಿಂಗಮ್ಮನ ಕಿವಿಗೆ. ಹಾಲು ಅಳೆಯುತ್ತ ಪಕ್ಕದ ಮನೆಯ ವಿಮಲಮ್ಮನಿಗೆ ಹೇಳಿದ್ದೂ ಅವಳೇ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ. ನಮ್ಮನೆಯವರು ಊರಿಗೆ ಹೋಗಿ ಅಣ್ಣನ್ನ ಒಂದು ಮಾತು ಕೇಳ್ಕೊಂಡು ಬರ್ತಾರೆ."

"ನಿಮಗೇ ಆಗ್ಲಿ ಲಿಂಗಕ್ಕ," ಅಂದಿದ್ದಳು ವಿಮಲಮ್ಮ. ಅಂದದ್ದು ಮನಸಾರೆಯೇ ಇರಬೇಕು.

ಗಂಡ ಹನುಮಯ್ಯ ಊರಿಂದ ಬರುವಷ್ಟರಲ್ಲಿ ವಿಮಲಮ್ಮನ ಯಜಮಾನರು ಮಾತು ಮುಗಿಸಿ ಮುಂಗಡ ಕೊಟ್ಟಾಗಿತ್ತು. ಲಿಂಗಮ್ಮನಿಗೆ ಅದು ತಿಳಿದದ್ದು ಕೊಳಾಯಿ ಹತ್ತಿರ, ಜೈತುನ್‌ಬಿಯ ಬಾಯಿಂದ. ತುಂಬಿ ಹರಿಯುತ್ತಿದ್ದ ಬಿಂದಿಗೆಯನ್ನು ನೋಡುತ್ತ ನಿಂತೇ ಇದ್ದಳು.

"ಹೋಗ್ಲಿ ಬಿಡೇ, ನಮ್ಮ ಹಣೇಲಿಲ್ಲ," ಅಂದ ಹನುಮಯ್ಯ.

"ಹಣೇಲಿತ್ತು ಕಣ್ರೀ. ಬಾಯಲ್ಲಿ ಹೋಯ್ತು."

ಆಮೇಲೆ ಹಾಲಿಗೆ ವಿಮಲಮ್ಮ ಬರುವುದು ನಿಂತು ಮಗಳು ಬರತೊಡಗಿದಳು. ಸುಣ್ಣದವರು ಬಂದರು, ಬಡಗಿ ಬಂದ, ಕಿಟಕಿಗೆ ಹಸಿರು ಬಣ್ಣ ಬಂತು. ಲಿಂಗಮ್ಮ ದಿನಕ್ಕೆರಡು ಸಲ ಹಸು ಹೊಡೆದುಕೊಂಡು ಆ ಮನೆಯ ಮುಂದೆಯೇ ಹೋಗಬೇಕು. ತಲೆ ತಗ್ಗಿಸಿ ಹೋದರೂ ಕಿಟಕಿಯ ಹಸಿರು ಕಣ್ಣಿಗೆ ಬೀಳುತ್ತಿತ್ತು. ನನ್ನದಾಗಿದ್ದರೆ ನೀಲಿ ಬಳಿಸುತ್ತಿದ್ದೆ, ಅನ್ನಿಸುತ್ತಿತ್ತು.

ಕೊನೆಗೆ ವಿಮಲಮ್ಮ ತಾನೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. "ನಮ್ಮನೆಗೆ ಕೆಂದೀನೇ ಮೊದಲು ಕಾಲಿಡ್ಬೇಕು ಲಿಂಗಕ್ಕ. ಇಲ್ಲ ಅನ್ಬೇಡಿ." ಇಲ್ಲ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅಂದರೆ ಸಾಲಿಗೆ ಸಾಲೇ ಹೊಟ್ಟೆಕಿಚ್ಚು ಅನ್ನುತ್ತದೆ. ಹೊಟ್ಟೆಕಿಚ್ಚಲ್ಲದೆ ಮತ್ತೇನು? "ಆಯ್ತು, ಬರ್ತೀನಿ," ಅಂದಿದ್ದಳು.

ಈಗ ದರ್ಜಿ ಹಿಂದಿನಿಂದ ನೂಕುತ್ತಿದ್ದ. ಬಾಳೆಹಣ್ಣು ತೋರಿಸಿದರು, ಕೆಂದಿ ಹಣ್ಣು ತಿಂದು, ತೋರಣದ ಮಾವಿನೆಲೆಗೂ ಬಾಯಿ ಹಾಕಿ, ನಿಂತಲ್ಲೇ ನಿಂತಿತು.

"ಹಾಲಿಗೆ ನೀರು ಬೆರೆಸೋ ಕೈ," ಅಂದಳು ವಿಮಲಮ್ಮನ ಅತ್ತೆ ಪಾಪಮ್ಮ, ಎಲ್ಲರಿಗೂ ಕೇಳುವ ಹಾಗೆ. "ಹಸೂಗೂ ಏನೋ ಹೇಳಿಕೊಟ್ಟು ಕರ್ಕೊಂಬಂದಿರ್ಬೇಕು."

"ಅಯ್ಯೋ ಅಜ್ಜಿ, ಹಸಾ ಏನು ಇಸ್ಕೂಲಿಗೆ ಹೋಗ್ತದಾ ಹೇಳಿಕೊಡಾಕೆ?" ಅಂದಳು ಜೈತುನ್‌ಬಿ. ಜನ ನಕ್ಕರು. ಪಾಪಮ್ಮ ನಗಲಿಲ್ಲ.

"ಹಸು ಒಲ್ಲದ ಮನೇಲಿ ನಾನಂತೂ ಕಾಲಿಡಲ್ಲ. ಈಗ್ಲೇ ಹೇಳಿದೀನಿ. ಬಂದಷ್ಟಕ್ಕೆ ಮಾರಿಬಿಡಿ ಈ ಮನೇನ."

ಲಿಂಗಮ್ಮನ ಅಂಗೈಯಲ್ಲಿ ಹಗ್ಗ ಬೆವರಿತು. ಕೆಂದಿ ಯಾಕೆ ನಿಂತಿದೆ ಎಂದು ಅವಳಿಗೆ ಗೊತ್ತು. ಮನೆಯೊಳಗೆ ಅವಳು ಮುಂದೆ ಹೋಗಬೇಕು, ಅದು ಹಿಂದೆ ಬರಬೇಕು. ಕರುವಾಗಿದ್ದಾಗಿಂದ ಅದಕ್ಕೆ ಅದೊಂದೇ ರೂಢಿ. ಇಲ್ಲಿ ಹಸುವಿಗಿಂತ ಮೊದಲು ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಅವಳು ಏನೂ ಮಾಡಬೇಕಿರಲಿಲ್ಲ. ಇನ್ನೊಂದಿಷ್ಟು ಹೊತ್ತು ಸುಮ್ಮನೆ ನಿಂತರೆ ಸಾಕು. ಮಾರಿಬಿಡಿ ಅಂದಿದ್ದಾಳಲ್ಲ ಮುದುಕಿ, ಎಲ್ಲರ ಎದುರಿಗೇ.

ಅವಳು ಓಣಿಯ ಕಡೆ ನೋಡಿದಳು. ಬೆಳಗಿನ ಬಿಸಿಲು ಅದರ ಉದ್ದಕ್ಕೂ ಬಿದ್ದಿತ್ತು.

"ಲಿಂಗಕ್ಕ."

ವಿಮಲಮ್ಮ ರೇಷ್ಮೆ ಸೀರೆಯಲ್ಲಿ ಕಳಶ ಹಿಡಿದು ನಿಂತಿದ್ದಳು. ಮೆಲ್ಲಗೆ ಅಂದಳು: "ನಿಮ್ಮನೇಲಿ ನೀವು ಮುಂದೆ ಹೋದ್ರೆ ತಾನೇ ಅದು ಬರೋದು? ದಿನಾ ನೋಡ್ತಿರ್ತೀನಲ್ಲ."

ಲಿಂಗಮ್ಮನಿಗೆ ಮೈಯೆಲ್ಲ ಬಿಸಿಯಾಯಿತು. ಎಳೆದ ಹಾಗೆ ಮಾಡಿದ್ದನ್ನೂ ಇವಳು ನೋಡಿರಬೇಕು. "ಶಾಸ್ತ್ರ ಒಪ್ಪಬೇಕಲ್ಲಮ್ಮ," ಅಂದಳು.

"ನೀವೇ ಹೋಗಿ ಅಕ್ಕ. ಮೊದಲು ನೀವೇ ಹೋಗಿ."

"ಏನೇ ಅದು!" ಪಾಪಮ್ಮ ಕೂಗಿದಳು. "ಹಾಲಿನವಳ ಕಾಲಾ ಮೊದಲು?"

ಇನ್ನೊಂದು ಮನೆಯ ನಾಮಕರಣಕ್ಕೆ ಹೊತ್ತಾಗಿದ್ದ ಪುರೋಹಿತರು ಕೈಯೆತ್ತಿ ಅಂದರು: "ಹಗ್ಗ ಹಿಡಿದವರು ಹಸುವಿನ ಲೆಕ್ಕವೇ ತಾಯಿ. ದೋಷವಿಲ್ಲ. ನಡೀರಿ, ನಡೀರಿ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ವಿಮಲಮ್ಮ ಮಾತ್ರ ಕಳಶವನ್ನು ನೋಡುತ್ತಿದ್ದಳು. ಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅರಿಶಿನ ಹಚ್ಚಿದ ಹೊಸ್ತಿಲನ್ನು ತುಳಿಯದೆ, ಮೊದಲು ಬಲಗಾಲನ್ನೇ ಒಳಗಿಟ್ಟಳು.

"ಬಾ ಕೆಂದಿ."

ಹಿಂದೆ ಗೊರಸಿನ ಸದ್ದಾಯಿತು. ಖಾಲಿ ಮನೆಯಲ್ಲಿ ಅದು ದೊಡ್ಡದಾಗಿ ಕೇಳಿತು. ಎರಡು ಕೋಣೆ ದಾಟುವವರೆಗೆ ಅಲ್ಲಿ ಅವಳು, ಹಸು, ಕರು ಬಿಟ್ಟರೆ ಇನ್ನಾರೂ ಇರಲಿಲ್ಲ. ಒಲೆಯನ್ನು ಈ ಗೋಡೆಗೆ ಹಾಕಬಾರದಿತ್ತು, ಹೊಗೆ ಒಳಕ್ಕೇ ತಿರುಗುತ್ತೆ, ಅಂದುಕೊಂಡಳು. ಓಣಿಗೆ ತೆರೆಯುವ ಬಾಗಿಲ ಅಗುಳಿಯನ್ನು ಒಮ್ಮೆ ಮುಟ್ಟಿದಳು, ತೆಗೆಯಲಿಲ್ಲ. ಮನೆಯಲ್ಲಿ ದಿನವೂ ಮಾಡುವ ಹಾಗೆ ಗೋಡೆಗೆ ಬೆನ್ನು ಒತ್ತಿ ನಿಂತು ಕೆಂದಿಗೆ ದಾರಿ ಬಿಟ್ಟಳು. ಅದು ನಡುಮನೆಯಲ್ಲಿ ನಿಂತು ಬಾಲವೆತ್ತಿ ಸಗಣಿ ಹಾಕಿತು.

"ಲಕ್ಷ್ಮಿ ಬಂದ್ಳು!" ಬಾಗಿಲಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ಪಾಪಮ್ಮನೇ.

ಹಾಲು ಉಕ್ಕಿತು. ಊಟ ಆಯಿತು. ಹೊರಡುವಾಗ ವಿಮಲಮ್ಮ ಹಿಂದೆಯೇ ಬಂದು ಅಂದಳು: "ಲಿಂಗಕ್ಕ, ಇನ್ಮೇಲೆ ಕೆಂದೀನ ಈ ಓಣೀಲೇ ಹೊಡ್ಕೊಂಡು ಹೋಗಿ. ಹಿತ್ತಲಿಂದ ಹಿತ್ತಲಿಗೆ ಒಂದು ಗೇಟು ಇಡಿಸಿದ್ರಾಯ್ತು."

"ಬೇಡ ಬಿಡು. ಅದಕ್ಕೆ ನಮ್ಮನೆ ದಾರೀನೇ ರೂಢಿ."

ಸಂಜೆ ಕೆಂದಿ ಅವಳ ಹಿಂದೆಯೇ ಮುಂಬಾಗಿಲಲ್ಲಿ ಬಂತು. ಚಾಪೆ ಎಳೆದು ದಾರಿ ಮಾಡಿಕೊಟ್ಟ ಹನುಮಯ್ಯ ಅವಳನ್ನು ನೋಡಿ, "ಬೆನ್ನೆಲ್ಲ ಸುಣ್ಣ ಕಣೇ, ಕೊಡವ್ಕೋ," ಅಂದ.

"ಇರ್ಲಿ ಬಿಡಿ."

ಹಾಲು ಕರೆದು, ಬಂದವರಿಗೆಲ್ಲ ಅಳೆದು ಕೊಟ್ಟ ಮೇಲೆ ಸೀರೆ ಬದಲಾಯಿಸಿದಳು. ಬಿಟ್ಟ ಸೀರೆಯನ್ನು ಒಗೆಯುವ ಬಟ್ಟೆಗೆ ಹಾಕಲಿಲ್ಲ. ಸುಣ್ಣದ ಕಡೆ ಒಳಗೆ ಬರುವ ಹಾಗೆ ಮಡಿಸಿ, ಪೆಟ್ಟಿಗೆಯ ತಳದಲ್ಲಿಟ್ಟು ಮುಚ್ಚಳ ಹಾಕಿದಳು.