ತಲುಪುವ ಮೊದಲೇ ಒತ್ತಿದ ಬಟನ್

ಭಾವನ ಕಾಲಿನ ಮೂಳೆ ಪ್ಯಾಂಟು ಹರಿದುಕೊಂಡು ಹೊರಗೆ ಬಂದಿತ್ತು. ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನಲ್ಲಿ ನನ್ನ ಪಂಕ್ಚರ್ ಅಂಗಡಿ. ಡಿಕ್ಕಿಯಾಗಿ ಬಿದ್ದವರನ್ನು ಎಷ್ಟೋ ಸಲ ಎತ್ತಿದ್ದೇನೆ. ಈ ಸಲ ಎತ್ತಿದ್ದು ಅಕ್ಕನ ಗಂಡನನ್ನೇ. ಗಿರಾಕಿಗೆ ಕೊಡಬೇಕಾದ ಊಟದ ಚೀಲ ಆಗಲೂ ಭಾವನ ಬೆನ್ನಿಗೇ ಇತ್ತು.

ಆಸ್ಪತ್ರೆಯಲ್ಲಿ ಕಾಲಿಗೆ ಹೊರಗಿನಿಂದ ಕಬ್ಬಿಣದ ಸರಳು ತಿರುಪಿದರು. ಎಂಟು ದಿನದೊಳಗೆ ಇನ್ನೊಂದು ಆಪರೇಷನ್ ಆಗದಿದ್ದರೆ ಕಾಲು ಉಳಿಯುವುದಿಲ್ಲ ಅಂದರು ಡಾಕ್ಟರು. ಕೆಲಸದಲ್ಲಿದ್ದಾಗ ಪೆಟ್ಟಾದರೆ ಆಪರೇಷನ್ ಮಾಡಿಸುವುದು, ಬೈಕಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಭಾವನ ಕಂಪನಿಯ ಜವಾಬ್ದಾರಿ. ಅಕ್ಕ ಹೋಗಿ ಕೇಳಿದಳು. ಬೈಕಿನವರೆಲ್ಲ ಮಿನಿಟಪ್ಪ ಅಂತ ಕರೆಯುವ ಮ್ಯಾನೇಜರು ಕಂಪ್ಯೂಟರ್ ತಿರುಗಿಸಿ ತೋರಿಸಿದ.

"ನೋಡಮ್ಮ, ಮಧ್ಯಾಹ್ನ ಒಂದು ಹತ್ತಕ್ಕೆ ಫೋನಲ್ಲಿ 'ತಲುಪಿತು' ಅಂತ ಒತ್ತಿದಾನೆ. ಬಿದ್ದಿದ್ದು ಒಂದು ಹನ್ನೊಂದಕ್ಕೆ. ಊಟ ಕೊಟ್ಟಾದ್ಮೇಲೆ ಅವನೆಲ್ಲಿ ಸುತ್ತಿದ್ರೆ ನಮಗೇನು?"

"ಊಟ ಬೆನ್ನ ಮೇಲೇ ಇತ್ತಲ್ಲ ಸರ್?"

"ಕಂಪ್ಯೂಟರ್‌ನಲ್ಲಿ ಇಲ್ಲ."

ಮೊದಲೇ ಒತ್ತುವುದನ್ನು ಕಲಿಸಿದವನೇ ಅವನು. ಒಂದು ನಿಮಿಷ ತಡವಾದರೂ ಅವನ ಪರದೆಯಲ್ಲಿ ಕೆಂಪು ಬರುತ್ತದೆ. ಕೆಂಪು ಬಂದವನಿಗೆ ಮರುದಿನ ಕೆಲಸವಿಲ್ಲ. ಸರ್ಕಲ್ಲು ಬರುತ್ತಲೇ ಒತ್ತಿಬಿಡ್ರೋ, ಆಮೇಲೆ ಹೋಗಿ ಕೊಡಿ ಅಂತ ಬಾಯಲ್ಲೇ ಹೇಳಿದ್ದ. ಕಾಗದದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಎಲ್ಲರೂ ನನ್ನ ಅಂಗಡಿಯೆದುರು ಒಂದು ಕೈ ಬಿಟ್ಟು, ಕಣ್ಣು ಫೋನಿಗೆ ನೆಟ್ಟು ಸರ್ಕಲ್ಲು ದಾಟುತ್ತಿದ್ದರು.

ಅಕ್ಕ ಅಳಲಿಲ್ಲ. ಮರುದಿನದಿಂದ ನನ್ನ ಅಂಗಡಿಯೆದುರೇ ನಿಂತಳು. ಬಂದ ಬಂದ ಕಂಪನಿ ಬೈಕು ತಡೆದು, ಸರಳು ಹೊಕ್ಕ ಕಾಲಿನ ಫೋಟೋ ತೋರಿಸಿ, ಊಟ ಕೈಗೆ ಕೊಟ್ಟ ಮೇಲೇ ಒತ್ತಿ ಅಂದಳು. ಕೆಲಸ ಹೋಗುತ್ತೆ ಅಕ್ಕಾ ಅಂತ ಒಬ್ಬ ಗೊಣಗಿದ.

"ಎಲ್ಲರದೂ ಕೆಂಪಾದ್ರೆ ಯಾರನ್ನ ತೆಗೀತಾನೋ? ತಾನೇ ಚೀಲ ಹೊರ್ತಾನಾ?"

ಹೊತ್ತೇಬಿಟ್ಟ. ಎರಡು ದಿನ ಪರದೆಯೆಲ್ಲ ಕೆಂಪಾಗಿ, ಮೇಲಿನವರಿಂದ ಉಗಿಸಿಕೊಂಡು, ಮೂರನೇ ಮಧ್ಯಾಹ್ನ ಮಿನಿಟಪ್ಪ ತಾನೇ ಬೈಕು ಹತ್ತಿದ. ಟೈಮಿಗೆ ಮುಟ್ಟಿಸೋದು ಹೇಗೆ ಅಂತ ಈ ಸೋಮಾರಿಗಳಿಗೆ ತೋರಿಸ್ತೀನಿ ಅಂದನಂತೆ.

ಸರ್ಕಲ್ಲಿಗೆ ಬಂದ. ಎಡಗೈ ಬಿಟ್ಟು ಬಟನ್ ಒತ್ತಿದ. ಪಕ್ಕದ ರಸ್ತೆಯಿಂದ ನೀರಿನ ಟ್ಯಾಂಕರ್ ಬರುತ್ತಿತ್ತು. ನಮಗೆ ಕಾಣಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಿ ತೆರೆಯಲಿಲ್ಲ. ಅಲ್ಲಿದ್ದ ಯಾರ ಬಾಯೂ ತೆರೆಯಲಿಲ್ಲ.

ಟ್ಯಾಂಕರಿನವನು ಬ್ರೇಕ್ ತುಳಿದದ್ದಕ್ಕೆ ಜೀವ ಉಳಿಯಿತು. ಬಂಪರ್ ತಾಗಿ ಬೈಕು ಅವನ ಕಾಲಿನ ಮೇಲೇ ಮಗುಚಿತು. ಪಾದ ಹಿಂದುಮುಂದಾಗಿ ತಿರುಗಿತ್ತು. ಬೈಕಿನವರೆಲ್ಲ ಸುತ್ತ ನಿಂತರು. ಅಕ್ಕ ಪಕ್ಕದಲ್ಲಿ ಕೂತು ತನ್ನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವನ ಬಾಯಿಗೆ ಹಿಡಿದಳು.

"ಎತ್ತಮ್ಮ, ದಮ್ಮಯ್ಯ."

"ಎತ್ತೋಣ ಸರ್. ತಲುಪಿತು ಅಂತ ಒತ್ತಿದೀರಿ, ಊಟ ಇನ್ನೂ ಬೆನ್ನ ಮೇಲಿದೆ. ಇದು ಡ್ಯೂಟಿನಾ, ಸುತ್ತಾಟಾನಾ?"

"ಡ್ಯೂಟಿ... ಡ್ಯೂಟಿನೇ."

"ಮೊದಲೇ ಒತ್ತೋಕೆ ಎಲ್ರಿಗೂ ಕಲಿಸಿದ್ದು ಯಾರು?"

ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಎತ್ತಲು ಯಾರೂ ಬಗ್ಗಲಿಲ್ಲ.

"ನಾನೇ."

"ಟ್ಯಾಂಕರ್ ಸದ್ದಿಗೆ ಕೇಳಿಸ್ಲಿಲ್ಲ ಸರ್" ಅಂದಳು ಅಕ್ಕ. "ಇನ್ನೊಂದ್ಸಲ ಹೇಳಿ."