ಅಲೆಯಿಲ್ಲದ ಕರೆಂಟು

ಕಮಲಿ ಬುಟ್ಟಿಯೊಳಗಿನದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟಾಗ ಅಲ್ಲಿದ್ದ ಇಕ್ಕಳ, ಸ್ಕ್ರೂಡ್ರೈವರು, ಬಿಚ್ಚಿಟ್ಟ ರೇಡಿಯೋದ ಮೊಳೆಗಳೆಲ್ಲ ಒಮ್ಮೆ ಅದುರಿದವು. ಮೇಲೆ ಸುತ್ತಿದ್ದ ಶಾಲನ್ನು ಅವಳು ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಬೇಕಾಗಿಯೂ ಇರಲಿಲ್ಲ. ಆ ಶಾಲು ಯಾರದು, ಒಳಗಿರುವುದು ಏನು ಎಂದು ದುರ್ಗಪ್ಪನಿಗೆ ತಿಳಿದುಹೋಗಿ, ಬೆಸುಗೆ ಹಾಕುತ್ತಿದ್ದ ಅವನ ಕೈ ಇದ್ದಲ್ಲೇ ನಿಂತಿತು.

"ಇದ್ನ ಆ ಪೆಟ್ಟಿಗಿಗೆ ಹಾಕಿ ಕೊಡಿ, ದುರ್ಗಣ್ಣ," ಎಂದಳು ಕಮಲಿ. "ಅವ್ರು ಅರ್ಧ ಮಾಡಿಟ್ಟದ್ದು ಮಂಚದ ಕೆಳಗೆ ಹಂಗೇ ಇದೆ. ನಾಳೆ ಅದ್ನೂ ತರ್ತೆ."

ಹೊನ್ನಾವರದ ಬಂದರು ರಸ್ತೆಯಲ್ಲಿ ದುರ್ಗಪ್ಪನದು ರೇಡಿಯೋ ರಿಪೇರಿಯ ಸಣ್ಣ ಅಂಗಡಿ. ಕಮಲಿಯ ಗಂಡ ದಾಸ ಅವನ ಗೆಳೆಯ. ಹಗಲು ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ದಾಸ ಸಂಜೆಯಾದರೆ ಸೀದಾ ಇಲ್ಲಿಗೆ ಬಂದು ಅಂಗಿಯ ತೋಳು ಮಡಚಿ ಕೂರುತ್ತಿದ್ದ. ಊರಿಗೆ ಕರೆಂಟು ಬಂದ ಹೊಸತು. ಮದುವೆ ಮುಂಜಿಗೆ ಮೈಕ್ ಸೆಟ್ಟು ಬೇಕೆಂದರೆ ಕುಮಟೆಯಿಂದ ತರಿಸಬೇಕಿತ್ತು. ನಾವೇ ಯಾಕೆ ಕಟ್ಟಬಾರದು ಎಂದು ಇಬ್ಬರೂ ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳನ್ನು ಸೇರಿಸಿ ಒಂದು ಸೆಟ್ಟು ಮಾಡಿದರು. ಅದನ್ನು ಮೊದಲು ಒಯ್ದದ್ದು ಕಮಲಿಯ ತಂಗಿಯ ಮದುವೆಗೆ, ಮುಟ್ಟಳ್ಳಿಗೆ. ಹೆಂಗಸರು ಹಸೆಯ ಮುಂದೆ ಹಾಡಲು ಕೂತಾಗ ದಾಸನೇ ಮೈಕನ್ನು ಹೆಂಡತಿಯ ಮುಂದೆ ಹಿಡಿದ. ಕಮಲಿಯದು ತಗ್ಗಿದ ಸ್ವರ, ಹತ್ತಿರ ಕೂತವರಿಗೆ ಮಾತ್ರ ಎಂಬಂತೆ ಹಾಡುವವಳು. ಚಪ್ಪರದ ಕಂಬಕ್ಕೆ ಕಟ್ಟಿದ್ದ ಹಾರ್ನಿನಿಂದ ಬಂದದ್ದು ಬರೀ ಗುಂಯ್ ಎಂಬ ಸದ್ದು. ಅದರಡಿ ಅವಳ ಹಾಡು ಸಿಕ್ಕಿಕೊಂಡು ಒದ್ದಾಡಿತು. ಯಾರೋ ಜೇನುಗೂಡು ತಂದು ಕಟ್ಟಿದ್ದಾರೆ ಎಂದು ಚಪ್ಪರದ ಗಂಡಸರು ನಕ್ಕರು. ಕಮಲಿ ಹಾಡಿನ ನುಡಿ ಮುಗಿಸದೆ ಎದ್ದು ಒಳಗೆ ಹೋದಳು.

ಆ ನಗು ದಾಸನ ಕಿವಿಯಿಂದ ಹೋಗಲಿಲ್ಲ. ಕಂಬದಿಂದ ಬರುವ ಕರೆಂಟು ಅಲೆಯಂತೆ ಏರಿ ಇಳಿಯುತ್ತ ಬರುತ್ತದೆ, ಅದನ್ನು ಸಪಾಟು ಮಾಡದೆ ವಾಲ್ವಿಗೆ ಕೊಟ್ಟರೆ ಆ ಏರಿಳಿತವೇ ಹಾರ್ನಿನಲ್ಲಿ ಗುಂಯ್ಗುಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಲೆಯೇ ಇಲ್ಲದ ನೀರಿನಂಥ ಕರೆಂಟು ಬೇಕು, ಹಾಡಿನ ಎರಡು ಸಾಲಿನ ನಡುವೆ ಏನೂ ಕೇಳಿಸಬಾರದು ಎಂದು ಹೇಳುತ್ತಲೇ ದಾಸ ಮನೆಯಲ್ಲಿ ಹೊಸ ಸೆಟ್ಟಿನ ಪೆಟ್ಟಿಗೆ ಕಟ್ಟತೊಡಗಿದ. ಅದಕ್ಕೆ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಬೇಕು. ಭಟ್ಕಳದ ಒಬ್ಬ ಸಾಹೇಬರ ಗೋದಾಮಿನಲ್ಲಿ ಒಡೆದ ಹಡಗಿನ ಸಾಮಾನು ಬಂದು ಬಿದ್ದಿದೆ, ಅದರಲ್ಲಿ ಕಬ್ಬಿಣದ ಗಟ್ಟಿಯಂಥ ಒಂದು ಟ್ರಾನ್ಸ್‌ಫಾರ್ಮರ್ ಇದೆ ಎಂದು ಸುದ್ದಿ ಬಂದದ್ದೇ ದಾಸ ರಜೆ ಹಾಕಿ ಬಸ್ಸು ಹತ್ತಿದ.

ಅದು ಹೋದ ವರ್ಷ ಮಳೆ ಹಿಡಿಯುವ ಹೊತ್ತು. ಅವನು ತಿರುಗಿ ಹೊಳೆಯಾಚೆಯ ಕಾಸರಕೋಡಿಗೆ ಬಂದಾಗ ಜನರನ್ನು ದಾಟಿಸುವ ಲಾಂಚು ನಿಂತುಹೋಗಿತ್ತು. ಕಾಯದೆ ಸಣ್ಣ ದೋಣಿ ಹತ್ತಿದ. ಈಚೆ ದಡದ, ದೋಣಿ ನಿಲ್ಲುವ ಧಕ್ಕೆಯಲ್ಲಿ ದುರ್ಗಪ್ಪ ಅವನಿಗಾಗಿ ಕಾದು ನಿಂತಿದ್ದ. ಹೊಳೆಯ ನಡುವೆ ದೋಣಿ ಅಡ್ಡ ತಿರುಗಿ ಮಗುಚಿತು. ಉಳಿದವರು ದೋಣಿಯ ಅಂಚು ಹಿಡಿದರು. ಶಾಲಿನಲ್ಲಿ ಸುತ್ತಿ ಸೊಂಟಕ್ಕೆ ಬಿಗಿದ ಆ ಭಾರದ ಸಮೇತ ದಾಸ ಮುಳುಗಿದ. ಮರುದಿನ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಮರಳಿನ ಮೇಲೆ ಸಿಕ್ಕಿದಾಗಲೂ ಅದು ಅವನ ಸೊಂಟದಲ್ಲೇ ಇತ್ತು.

ಅಂದಿನಿಂದ ದುರ್ಗಪ್ಪನಿಗೆ ಆ ಗುಂಯ್ ಸದ್ದು ಹತ್ತಿಕೊಂಡಿತ್ತು. ರಿಪೇರಿಗೆ ಬಂದ ರೇಡಿಯೋಗಳನ್ನು ಸರಿಮಾಡಿ, ಸ್ಟೇಷನ್ನು ಹಿಡಿಸದೆ, ಸುಮ್ಮನೆ ಕಿವಿ ಹಚ್ಚಿ ಕೂರುತ್ತಿದ್ದ. ಪ್ಲಗ್ಗು ಕಿತ್ತ ಮೇಲೂ ಗುಂಯ್ ಕೇಳುತ್ತಿತ್ತು. ಬಚ್ಚಲಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಂಡಾಗ ಕೇಳುತ್ತಿತ್ತು. ಧಕ್ಕೆಯ ಕಡೆ ಹೋಗುವುದನ್ನೇ ಬಿಟ್ಟಿದ್ದ. ಮೈಕ್ ಸೆಟ್ಟಿನ ಕೆಲಸವೆಂದರೆ ಆಗುವುದಿಲ್ಲ ಎಂದು ಬಂದವರನ್ನು ಕಳಿಸಿಬಿಡುತ್ತಿದ್ದ.

ಈಗ ಅವನು, ಇದು ಉಪ್ಪುನೀರು ಕುಡಿದು ಹಾಳಾಗಿದೆ, ಪೆಟ್ಟಿಗೆ ಮುಗಿಸಲೇಬೇಕೆಂದರೆ ಮುಂಬೈಯಿಂದ ಬೇರೆ ತರಿಸುತ್ತೇನೆ ಎಂದ. ಕಮಲಿ ಒಪ್ಪಲಿಲ್ಲ. ಮೈದುನ ಜಟ್ಟಿ ವರ್ಷದಿಂದಲೂ ಅದನ್ನು ಸಮುದ್ರಕ್ಕೆ ಹಾಕಿ ಬಾ ಎಂದು ಬೆನ್ನುಹತ್ತಿದ್ದನಂತೆ. ಸಾವು ಕಂಡ ಕಬ್ಬಿಣ ಮನೆಯಲ್ಲಿರಬಾರದು ಎಂದು ಊರವರೂ ಹೇಳುತ್ತಿದ್ದರಂತೆ.

"ಒಂದ್ಸಲ ನೀರಿಗೆ ಹೋಗಿ ಬಂದದ್ದು," ಎಂದಳು. "ಇನ್ನೊಂದ್ಸಲ ನಾ ಹಾಕುದಿಲ್ಲ."

ಹೊರಡಲು ಎದ್ದವಳು ಬಾಗಿಲಲ್ಲಿ ನಿಂತಳು. ಆ ದಿನ ನೀವು ಧಕ್ಕೆಯಲ್ಲಿ ಇದ್ದಿರಲ್ಲ ಎಂದು ಕೇಳಿದಳು. ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಅದೇ ಮೊದಲು.

"ಅವ್ರು ಅದ್ನ ಬಿಚ್ಚುಕೆ ನೋಡಿದ್ರೋ, ಗಟ್ಟಿಯಾಗಿ ಹಿಡ್ಕಂಡ್ರೋ?"

ದುರ್ಗಪ್ಪ ಶಾಲಿನ ಅಂಚನ್ನು ನೋಡುತ್ತ, "ಬಿಚ್ಚುಕೆ ನೋಡ್ತಿದ್ದ, ತಂಗಿ," ಎಂದ. ಅವಳು ಆತು ಎನ್ನುವಂತೆ ತಲೆ ಆಡಿಸಿ ಹೋದಳು.

ಅವನು ಕೆಲಸ ಹಿಡಿದದ್ದು ಹೆದರಿಕೆಯಿಂದಲೇ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತೆಳು ಹಾಳೆಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದನ್ನೇ ಬಿಡಿಸಿ, ಉಜ್ಜಿ, ವಾರ್ನಿಷ್ ಹಚ್ಚಿ ಬಿಸಿಲಿಗೆ ಹರವಿದ. ಒಳಗಿನ ತಂತಿಯ ಸುರುಳಿಯನ್ನು ಬಿಚ್ಚುತ್ತ ಹೋದರೆ ಪದರ ಪದರದ ಕಾಗದದ ನಡುವೆ ಹೊಳೆಯ ಸಣ್ಣ ಕರಿ ಮರಳು ಕೂತಿತ್ತು. ವಾಸನೆಯೂ ಇನ್ನೂ ಇತ್ತು. ಊಟಕ್ಕೆ ಮನೆಗೆ ಹೋದವನಿಗೆ ಅಂದು ಮೀನು ಸೇರಲಿಲ್ಲ.

ಹೊಸ ತಂತಿ ಸುತ್ತಬೇಕಿತ್ತು. ಸುತ್ತು ಹೆಚ್ಚು ಕಡಿಮೆಯಾದರೆ ಲೆಕ್ಕ ಕೆಡುತ್ತದೆ. ಹಿಂದೆಲ್ಲ ದಾಸ ಎಣಿಸುತ್ತಿದ್ದ, ದುರ್ಗಪ್ಪ ತಂತಿ ಸುತ್ತುವ ರಾಟೆಯ ಹಿಡಿಕೆ ತಿರುಗಿಸುತ್ತಿದ್ದ. ಈಗ ಒಬ್ಬನೇ ಕೂತರೆ ಎಣಿಕೆಯ ನಡುವೆಯೇ ಆ ಗುಂಯ್ ಶುರುವಾಗಿ ಎಲ್ಲಿಗೆ ಬಂದೆ ಎಂದೇ ಮರೆಯುತ್ತಿತ್ತು. ಎರಡು ಸಲ ಸುತ್ತಿದ್ದನ್ನು ಬಿಚ್ಚಿದ. ಸಂತೆ ಮುಗಿಸಿ ಬಂದ ಕಮಲಿ ಬುಟ್ಟಿ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದಳು. ಎಣಿಸುವುದು ತನಗೂ ಆಗದು, ಆದರೆ ಹಾಡಿದರೆ ತಪ್ಪುವುದಿಲ್ಲ ಎಂದಳು. ನಾಟಿಯ ಹಾಡೊಂದನ್ನು ಹಿಡಿದು, ಅದರ ಒಂದು ನುಡಿಗೆ ಹಿಡಿಕೆ ಎಷ್ಟು ಸುತ್ತು ಬರುತ್ತದೆ ಎಂದು ಮೊದಲು ಗೊತ್ತುಮಾಡಿಕೊಂಡರು. ಆಮೇಲೆ ಅವಳು ನುಡಿ ಮುಗಿದಂತೆಲ್ಲ ಒಂದು ಗುಲಗಂಜಿ ಬದಿಗಿಡುತ್ತ ಹೋದಳು. ಗಂಡ ಹೋದ ಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ. ಇದು ಹಾಡು ಎಂದು ಅವಳಿಗೆ ಅನಿಸಿತೋ ಇಲ್ಲವೋ; ಭತ್ತ ಅಳೆಯುವವರಂತೆ ಏರಿಳಿತವಿಲ್ಲದೆ ಹೇಳುತ್ತಿದ್ದಳು. ದುರ್ಗಪ್ಪನ ಕೈ ಅದರ ಹಿಂದೆಯೇ ತಿರುಗಿತು. ತಾಮ್ರದ ತಂತಿ ಸಾಲು ಹಿಡಿದು ಕೂರುತ್ತ ಬಂತು.

ಎಷ್ಟೋ ನುಡಿ ಆದ ಮೇಲೆ ಅವಳು ನಿಲ್ಲಿಸಿದಳು. ಪದರಕ್ಕೆ ಅವನು ಕಾಗದ ಸುತ್ತುತ್ತಿದ್ದ.

"ಮರಳ ಮೇಲೆ ಆ ಗಂಟನ್ನ ನಾನೇ ಕತ್ತಿಯಲ್ಲಿ ಕೊಯ್ದದ್ದು, ದುರ್ಗಣ್ಣ. ಬಿಚ್ಚುಕೆ ನೋಡಿದ ಗಂಟು ಸಡಿಲ ಆಗಿರ್ತದೆ. ಅದು ಆಗಿರ್ಲಿಲ್ಲ."

ದುರ್ಗಪ್ಪನ ಬೆರಳು ಕಾಗದದ ಮೇಲೆ ನಿಂತಿತು. ಅವನ ಕಣ್ಣ ಮುಂದೆ ಆ ಹೊಳೆ ಬಂತು. ದಾಸನ ತಲೆ, ಹೆಗಲು. ದೋಣಿ ಹಿಡಿಯಬೇಕಾದ ಎರಡೂ ಕೈಗಳು ಕೆಳಗೆ ಸೊಂಟಕ್ಕೆ ಹೋದದ್ದು. ಆಮೇಲೆ ನೀರು.

"ಕೈ ಎರಡೂ ಸೊಂಟಕ್ಕೆ ಹೋತು," ಎಂದ. "ಬಿಚ್ಚುಕೋ, ಹಿಡ್ಕಂಬುಕೋ, ನಂಗೆ ಗೊತ್ತಾಗ್ಲಿಲ್ಲ. ಇವತ್ತಿಗೂ ಗೊತ್ತಿಲ್ಲ."

ಕಮಲಿ ಗುಲಗಂಜಿಗಳನ್ನು ಅಂಗೈಯಲ್ಲಿ ಹೊರಳಿಸಿದಳು. "ಗೊತ್ತಿಲ್ಲ ಅಂದಿದ್ರೆ ಅವತ್ತೇ ಸಾಕಿತ್ತು," ಎಂದಳು. ಸಿಟ್ಟಿನಿಂದ ಅಲ್ಲ. ಹಾಡು ನಿಂತಲ್ಲಿಂದ ಮುಂದಿನ ನುಡಿ ಹಿಡಿದಳು.

ಅವಳು ತಂದಿಟ್ಟ ಪೆಟ್ಟಿಗೆಯನ್ನು ತೆರೆದಾಗ ದಾಸನ ಕೈಕೆಲಸ ಹಾಗೆಯೇ ಇತ್ತು. ಅವನ ಬೆಸುಗೆ ಬೇರೆ ಯಾರದ್ದಕ್ಕೂ ಹೋಲುತ್ತಿರಲಿಲ್ಲ. ಪ್ರತಿಯೊಂದೂ ಮಳೆಹನಿ ಗಟ್ಟಿಯಾದಂತೆ ದುಂಡಗೆ ಹೊಳೆಯುತ್ತಿತ್ತು. ಸಂಜೆಯ ಬಿಸಿಲು ಅಂಗಡಿಯೊಳಗೆ ಬಂದಿದ್ದಾಗ ಟ್ರಾನ್ಸ್‌ಫಾರ್ಮರ್ ಕೂರಿಸಿ ಮೊದಲ ಸಲ ಸ್ವಿಚ್ಚು ಒತ್ತಿದರು. ವಾಲ್ವುಗಳು ಕೆಂಪಗೆ ಕಾದವು. ಹಾರ್ನಿನಿಂದ ಗುಂಯ್ ಬಂತು. ಹಿಂದಿನಷ್ಟು ಅಲ್ಲ, ಆದರೂ ಅದೇ. ತನ್ನ ತಲೆಯಲ್ಲಿರುವುದು ಹೊರಗೆ ಬಂದು ನಿಂತಿತೆಂದು ದುರ್ಗಪ್ಪನಿಗೆ ಅನಿಸಿತು. ಕಮಲಿಯ ಮುಖ ನೋಡಲಾರದೆ ಸ್ವಿಚ್ಚು ಆರಿಸಿದ.

ಮತ್ತೊಂದು ಕಂಡೆನ್ಸರ್ ಸೇರಿಸಿದ. ಏರಿದ ಕರೆಂಟನ್ನು ತುಂಬಿಟ್ಟುಕೊಂಡು ಇಳಿದಾಗ ಬಿಡುವುದು ಅದರ ಕೆಲಸ. ಟ್ರಾನ್ಸ್‌ಫಾರ್ಮರನ್ನು ದೂರ ಸರಿಸಿ ಅಡ್ಡ ಮಲಗಿಸಿದ. ಸದ್ದು ಕುಗ್ಗಿತು, ಹೋಗಲಿಲ್ಲ. ಕೊನೆಗೆ ಉಳಿದ ಕಾರಣ ದಾಸನ ಕೆಲಸದಲ್ಲೇ ಇತ್ತು. ಅವನು ಭೂಮಿಗೆ ಕೊಡುವ ತಂತಿಗಳನ್ನು ಪೆಟ್ಟಿಗೆಯ ತಗಡಿಗೆ ಅಲ್ಲಲ್ಲಿ ಬೆಸೆದಿದ್ದ; ಅವುಗಳ ನಡುವೆ ಹರಿಯುವ ಕರೆಂಟೇ ಗುಂಯ್ಗುಡುತ್ತಿತ್ತು. ಎಲ್ಲವನ್ನೂ ಕಿತ್ತು ಒಂದೇ ಕಡೆಗೆ ತರಬೇಕಿತ್ತು. ಬೆಸುಗೆಯ ಕಾದ ಕಡ್ಡಿ ಹಿಡಿದು ದುರ್ಗಪ್ಪ ಕೂತೇ ಇದ್ದ. ಆ ದುಂಡು ಹನಿಗಳನ್ನು ಕರಗಿಸಿದರೆ ದಾಸನದೆಂಬುದು ಏನೂ ಉಳಿಯುವುದಿಲ್ಲ. ಇಷ್ಟು ಸದ್ದು ಇರಲಿ ಬಿಡು, ಹೇಗೂ ಅವನ ಕೈಯದು ಎಂದು ಕಮಲಿಗೆ ಹೇಳಿದ.

"ಕಿತ್ತು ಹಾಕಿ," ಎಂದಳು ಕಮಲಿ. "ಅವ್ರಿಗೇ ಬೇಡಾಗಿತ್ತಲ್ಲ ಆ ಸದ್ದು."

ಒಂದೊಂದೇ ಹನಿ ಕರಗಿ ಕೆಳಗೆ ಬಿತ್ತು. ಹೊಗೆ ಕಣ್ಣಿಗೆ ಹೋಗಿ ಅವನು ತೋಳಿನಿಂದ ಮುಖ ಒರೆಸಿಕೊಂಡ. ಎಲ್ಲ ತಂತಿಯನ್ನೂ ಒಂದು ಮೂಲೆಗೆ ತಂದು ಬೆಸೆದು ಸ್ವಿಚ್ಚು ಒತ್ತಿದ.

ಏನೂ ಕೇಳಲಿಲ್ಲ. ಪೆಟ್ಟಿಗೆಗೆ ಕರೆಂಟೇ ಬರಲಿಲ್ಲವೇನೋ ಎಂದು ನೋಡಿದರೆ ವಾಲ್ವುಗಳು ಉರಿಯುತ್ತಿದ್ದವು, ಮುಂದಿನ ಕೆಂಪು ದೀಪವೂ ಇತ್ತು. ಹಾರ್ನಿಗೆ ಕಿವಿ ಹಚ್ಚಿದ. ಬಾವಿಯೊಳಗೆ ಬಗ್ಗಿದಂತಿತ್ತು. ಆ ನಿಶ್ಶಬ್ದ ಗುಂಯ್‌ಗಿಂತ ಹೆಚ್ಚು ಹೆದರಿಸಿತು. ಇದರಲ್ಲಿ ಯಾರು ಉಸಿರಾಡಿದರೂ ಕೇಳಿಬಿಡುತ್ತದೆ. ಕೇಳಿಯೂ ಕೇಳಿತು. ಮೇಜಿನ ಮೇಲಿದ್ದ ಮೈಕಿಗೆ ಯಾರದೋ ಉಸಿರು ಸಿಕ್ಕಿ ಹಾರ್ನಿನಲ್ಲಿ ದೊಡ್ಡದಾಗಿ ಬಂತು. ಅದು ಕಮಲಿಯದು.

ಅವಳು ಹತ್ತಿರ ಬಂದಳು. ಮೈಕಿನ ಮುಂದೆ ಏನು ಹೇಳಬೇಕೆಂದು ತಿಳಿಯದೆ ಸೆರಗು ಎಳೆದುಕೊಂಡಳು. ದುರ್ಗಪ್ಪ, ಏನಾದರೂ ಹೇಳು, ಹಲೋ ಎಂದಾದರೂ ಅನ್ನು ಎಂದ.

ಕಮಲಿ ಬಗ್ಗಿ, "ದಾಸ," ಎಂದಳು.

ಮದುವೆಯಾದಂದಿನಿಂದ ಅವಳ ಬಾಯಲ್ಲಿ ಬಾರದಿದ್ದ ಹೆಸರು. ಹಾರ್ನು ಅದನ್ನು ಬಂದರು ರಸ್ತೆಗೆ ಎತ್ತಿ ಹಾಕಿತು. ಎದುರಿನ ಚಾ ಅಂಗಡಿಯಲ್ಲಿ ಕೂತಿದ್ದವರು ಗ್ಲಾಸು ಹಿಡಿದುಕೊಂಡೇ ತಿರುಗಿದರು. ಕಮಲಿಯೂ ತನ್ನ ಸ್ವರ ಎಲ್ಲಿಂದ ಬಂತೆಂದು ನೋಡುವವಳಂತೆ ಒಂದು ಸಲ ಹೊರಗೆ ನೋಡಿದಳು. ಮತ್ತೆ ಮೈಕಿನ ಹತ್ತಿರ ಕೂತು, ಮುಟ್ಟಳ್ಳಿಯ ಚಪ್ಪರದಲ್ಲಿ ಅರ್ಧಕ್ಕೆ ಬಿಟ್ಟ ಹಾಡನ್ನು ಅಂದಿನ ಆ ತಗ್ಗಿದ ಸ್ವರದಲ್ಲೇ ಹಾಡತೊಡಗಿದಳು. ಒಂದು ಸಾಲು ಮುಗಿದು ಇನ್ನೊಂದು ಸಾಲು ಬರುವ ನಡುವೆ ಏನೂ ಇರಲಿಲ್ಲ. ದುರ್ಗಪ್ಪ ಕಾದ. ತಲೆಯೊಳಗಿನ ಗುಂಯ್ ಆದರೂ ಬರುತ್ತದೆಯೋ ಎಂದು ಪ್ರತಿ ಸಾಲಿನ ಕೊನೆಯಲ್ಲೂ ಕಾದ.

ಎರಡನೆಯ ನುಡಿಯ ನಡುವೆ ಕರೆಂಟು ಹೋಯಿತು. ಪೆಟ್ಟಿಗೆಯ ಕೆಂಪು ದೀಪ ಆರಿತು. ಆದರೂ ಕಂಡೆನ್ಸರುಗಳು ತುಂಬಿಟ್ಟುಕೊಂಡದ್ದು ತೀರುವವರೆಗೆ ಹಾರ್ನು ಹಾಡುತ್ತಲೇ ಇತ್ತು. ಮೊದಲು ದೊಡ್ಡದಾಗಿ, ಆಮೇಲೆ ದೂರದಿಂದೆಂಬಂತೆ, ಆಮೇಲೆ ಇದೆಯೋ ಇಲ್ಲವೋ ಎಂಬಷ್ಟು. ಅದು ಯಾವಾಗ ನಿಂತಿತೆಂದು ದುರ್ಗಪ್ಪನಿಗೆ ಗೊತ್ತಾಗಲಿಲ್ಲ. ಕಮಲಿ ಕಣ್ಣು ಮುಚ್ಚಿಕೊಂಡು, ಹತ್ತಿರದವರಿಗೆ ಮಾತ್ರ ಎಂಬಂತೆ, ಹಾಡುತ್ತಿದ್ದಳು.