ಬಲಗೈಯ ಭಾರ

ಬಲೂನು ಕೆಂಪಗಿತ್ತು ಎಂದರೆ ಕೆಂಪಗೇ ಇತ್ತು. ಯಾರಪ್ಪ ಅದು, ಹಳದಿ ಎಂದವನು? ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯಿಡೀ ಹುಡುಕುವ ಮುದುಕನಿಗೆ ಇದೆಲ್ಲ ಹೇಗೆ ನೆನಪಿರುತ್ತದೆ ಎಂದು ಹಲ್ಲು ಕಿರಿಯಬೇಡಿ. ಕನ್ನಡಕ ಮರೆಯುವಂಥದ್ದು, ಮರೆಯುತ್ತೇನೆ. ಇದು ಅಂಥದ್ದಲ್ಲ. ಸುಮ್ಮನೆ ಕೇಳುವುದಾದರೆ ಕೇಳಿ, ಇಲ್ಲವಾದರೆ ಫೋನು ಕೆಳಗಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ.

ಆ ಕೆಂಪು ಬಲೂನಿಗೆ ರೇಡಿಯೊ ಎಡಗೈಯಲ್ಲಿ ಸೋಪಿನ ನೊರೆ ಹಚ್ಚುತ್ತಿದ್ದ. ರೇಡಿಯೊ ಎಂದರೆ ಕ್ಷೌರದಂಗಡಿಯವನು. ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದಲ್ಲಿಂದ ಬಿಚ್ಚುವ ತನಕ ಬಾಯಿಗೆ ಬಿಡುವು ಕೊಡದವನಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಹೆಂಡತಿ ಬಲೂನನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಅವನು ಕತ್ತಿ ಇಟ್ಟ. ಢಬ್! ನೊರೆಯೆಲ್ಲ ಅವಳ ಕಿವಿಗೆ.

"ಹೋದ ನೋಡಿ ಇನ್ನೊಬ್ಬ ಗಿರಾಕಿ," ಎಂದಳು ಅವಳು, ಕಿವಿ ಒರೆಸಿಕೊಳ್ಳುತ್ತ.

"ಬಲೂನಿನ ತಪ್ಪು ಕಣೇ. ತೀರಾ ತೆಳ್ಳಗಿದೆ."

"ಹೌದ್ಹೌದು, ಕುಣಿಯೋಕೆ ಬಾರದವಳಿಗೆ ನೆಲ ಡೊಂಕು. ನನಗೆ ಗಡ್ಡ ಬಂದಿದ್ರೆ ನಾನೇ ಕೂತ್ಕೊಳ್ತಿದ್ದೆ ಕಣ್ರಿ, ಊದಿ ಊದಿ ದವಡೆ ನೋಯೋದಾದ್ರೂ ತಪ್ತಿತ್ತು."

ಬಲೂನಿನ ಪಾಠ ಹಳೆಯದು. ನೊರೆ ಹಚ್ಚಿದ ಬಲೂನನ್ನು ಒಡೆಯದೆ ಬೋಳಿಸಿದವನಿಗೆ ಮಾತ್ರ ಮನುಷ್ಯರ ಕೆನ್ನೆ ಎಂದು ಅವನಿಗೆ ಕೆಲಸ ಕಲಿಸಿದ ಗುರು ಹೇಳುತ್ತಿದ್ದ. ಆಗ ಬಲಗೈಯಲ್ಲಿ ಕಲಿತದ್ದನ್ನು ಈಗ ತಲೆ ನೆರೆತ ಮೇಲೆ ಎಡಗೈಯಲ್ಲಿ ಮತ್ತೆ ಅಕ್ಷರಾಭ್ಯಾಸದಿಂದ ಶುರುಮಾಡಬೇಕಾಗಿ ಬಂದಿತ್ತು. ಚಳಿಗಾಲದ ಒಂದು ಬೆಳಿಗ್ಗೆ, ಗಿರಾಕಿಯ ಅರ್ಧ ಕೆನ್ನೆ ಮುಗಿದಿದ್ದಾಗ, ಲಕ್ವ ಹೊಡೆದು ಕತ್ತಿ ಕೈಯಿಂದ ಜಾರಿತು. ಮಾತು ಉಳಿಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೆನ್ನೆ ಜೋಮು ಹಿಡಿದಂತೆಯೇ ಉಳಿಯಿತು. ಬಲಗೈಯಂತೂ ಭುಜದಿಂದ ಒದ್ದೆ ಟವೆಲ್ಲಿನಂತೆ ನೇತಾಡುತ್ತಿತ್ತು. ಅದನ್ನು ಅವನು ಮನೆ ಅಳಿಯ ಎಂದು ಕರೆಯುತ್ತಿದ್ದ.

"ಕೆಲಸ ಇಲ್ಲ, ಬೊಗಸೆ ಇಲ್ಲ. ತೊಳಿಬೇಕು, ಒರೆಸಬೇಕು, ಮಲಗುವಾಗ ದಿಂಬು ಬೇರೆ ಕೊಡಬೇಕು."

ನಗುನಗುತ್ತ ಹೇಳುತ್ತಿದ್ದ. ಆದರೆ ಪ್ರಾರ್ಥನೆಗೆ ಕೂತಾಗ ನಗು ಇರುತ್ತಿರಲಿಲ್ಲ. ಅವನು ದೇವರ ಹತ್ತಿರ ಮಾತಾಡುತ್ತಿದ್ದುದೂ ಕುರ್ಚಿಯಲ್ಲಿ ಕೂತ ಗಿರಾಕಿಯ ಹತ್ತಿರ ಮಾತಾಡಿದಂತೆಯೇ: ಊರಿನ ಸುದ್ದಿ, ಬೀದಿಯ ದೂರು, ಕೊನೆಗೆ ತನ್ನದೊಂದು ಬೇಡಿಕೆ. ಲಕ್ವದ ನಂತರ ಸುದ್ದಿಯೂ ನಿಂತಿತು, ದೂರೂ ನಿಂತಿತು. "ಯಾಕಪ್ಪಾ?" ಎಂಬ ಒಂದೇ ಮಾತು ಉಳಿಯಿತು.

ಅವರ ಕ್ರೈಸ್ತ ಸಭೆಯ ಪಾಸ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಎಳೆಯ ವಯಸ್ಸು, ಒಳ್ಳೆಯ ಮನಸ್ಸು. ಒಮ್ಮೆ, "ಕಷ್ಟಕಾಲದಲ್ಲೂ ಕರ್ತನಿಗೆ ಒಂದು ಉದ್ದೇಶ ಇರುತ್ತೆ ಅಣ್ಣ," ಎಂದರು.

"ಇರಲಿ ಪಾಸ್ಟ್ರೇ, ಬೇಡ ಅಂದವರು ಯಾರು? ಎಡಗೈ ತಗೊಂಡು ಉದ್ದೇಶ ಪೂರೈಸಬಹುದಿತ್ತಲ್ಲ? ಅದೇನು ಮಹಾ ಮಾಡ್ತಿತ್ತು, ಬಾಚಣಿಗೆ ಹಿಡ್ಕೊಂಡು ನಿಂತಿರ್ತಿತ್ತು. ಸರಿಯಾಗಿ ಅನ್ನ ಹಾಕೋ ಕೈಯೇ ಬೇಕಾಗಿತ್ತಾ?"

ಪಾಸ್ಟರು ಲೋಟದ ನೀರು ಪೂರ್ತಿ ಕುಡಿದರು. ಪಾಪ, ಅವರಾದರೂ ಏನು ಹೇಳಿಯಾರು? ಆ ದಿನವೇ ರೇಡಿಯೊ, "ಒಂದು ಉಪಕಾರ ಮಾಡಿ. ಈ ಅಂಗಡಿ ಕುರ್ಚಿ ಕೊಳ್ಳೋಕೆ ಒಬ್ಬ ಯೋಗ್ಯನನ್ನ ನೋಡಿ," ಎಂದುಬಿಟ್ಟ. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು. ಆ ಕುರ್ಚಿಯ ಹಿತ್ತಾಳೆಯನ್ನು ತಿಕ್ಕಿ ತಿಕ್ಕಿ ಹೊಳೆಸಿದವಳು ಅವಳು. ಪಾಸ್ಟರು ಪಕ್ಕದ ಬಡಾವಣೆಯಲ್ಲಿ ಹೊಸ ಅಂಗಡಿ ತೆರೆಯುವವನೊಬ್ಬನನ್ನು ಹುಡುಕಿದರು. ಚರ್ಮ ಹೇಗಿದೆ ಎಂದು ಅವನಿಗೆ ತೋರಿಸಲು ಕುರ್ಚಿಯ ತಲೆದಿಂಬನ್ನು ಸ್ಕ್ರೂ ಬಿಚ್ಚಿ ಒಯ್ದರು. ಶನಿವಾರ ವ್ಯಾನು ತರುವುದೆಂದು ಮಾತಾಯಿತು.

ಹಾಗಾದರೆ ಬಲೂನು ಯಾಕೆ ಎಂದಿರಾ? ಬಾಯಿ ಮಾಡಿದ ಎಡವಟ್ಟು, ಮತ್ತೇನು!

ಅದೇ ವಾರ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಲಕ್ವ ಹೊಡೆದವರು ಕೈಕಾಲು ಆಡಿಸಲು ಸಾಲಾಗಿ ಕೂತಿದ್ದರು. ರೇಡಿಯೊನ ಪಕ್ಕದಲ್ಲೊಬ್ಬ ಆನೆಯಂಥ ಆಳು. ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದವನು, ಎಲ್ಲರಿಗೂ ಕ್ರೇನಣ್ಣ. ಅವನಿಗೂ ಲಕ್ವ, ಅವನಿಗೂ ಬಲಗಡೆಯೇ, ಮಾತು ಪೂರ್ತಿ ಹೋಗಿತ್ತು. ಗಡ್ಡ ಎದೆಗಿಳಿದು, ಅನ್ನದ ಅಗುಳು ಸಿಕ್ಕಿಕೊಂಡಿತ್ತು. ಬಲಗೆನ್ನೆಯ ಮೇಲೆ ಮಾತ್ರ ಒಂದು ಅಡ್ಡಗೆರೆ ಬೋಳಾಗಿತ್ತು, ಅದರಲ್ಲೊಂದು ಗಾಯದ ಕಲೆ.

ರೇಡಿಯೊ ಸುಮ್ಮನಿರಬೇಕಲ್ಲ! "ಯಾರಮ್ಮ ಇದನ್ನ ಮಾಡಿದ್ದು? ಹೊಲಕ್ಕೆ ಹಂದಿ ನುಗ್ಗಿದ ಹಾಗಿದೆ!"

ಕ್ರೇನಣ್ಣನ ಮಗಳು ತಲೆ ತಗ್ಗಿಸಿದಳು. "ನಾನೇ ಅಂಕಲ್. ಕೊಯ್ದದ್ದು ಅಪ್ಪಂಗೆ ಗೊತ್ತೇ ಆಗ್ಲಿಲ್ಲ. ಕನ್ನಡೀಲಿ ರಕ್ತ ನೋಡಿದ್ರು. ಆಮೇಲೆ ಯಾರು ಹತ್ರ ಹೋದ್ರೂ ಮುಷ್ಟಿ ಕಟ್ತಾರೆ. ಸ್ನೇಹಿತರು ಬಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ."

ರೇಡಿಯೊ ತನ್ನ ಬಲಗೆನ್ನೆಯನ್ನು ಎಡಗೈಯಿಂದ ಮುಟ್ಟಿಕೊಂಡ. ನಂತರ ಕ್ರೇನಣ್ಣನ ಕಡೆ ಬಾಗಿ ಮೆಲ್ಲಗೆ, "ಕತ್ತಿ ಎಲ್ಲಿದೆ ಅಂತ ಗೊತ್ತಾಗಲ್ಲ, ಅದೇ ಅಲ್ವಾ ಭಯ?" ಎಂದ.

ಆ ದೊಡ್ಡ ತಲೆ ನಿಧಾನವಾಗಿ ಆಡಿತು. ಹೌದು.

"ಶನಿವಾರ ಕರ್ಕೊಂಡ್ ಬಾಮ್ಮ. ನಾನಿದ್ದೀನಿ."

ಆಡಿದ ಮೇಲೆ ನೆನಪಾಯಿತು: ಶನಿವಾರ ಕುರ್ಚಿ ಹೋಗುತ್ತದೆ. ಎಡಗೈ ಕತ್ತಿ ಹಿಡಿದು ಇನ್ನೂ ಒಂದು ಜೀವಂತ ಕೆನ್ನೆಯನ್ನು ಮುಟ್ಟಿಲ್ಲ. ಮನೆಗೆ ಬಂದು ಹೇಳಿದಾಗ ಹೆಂಡತಿ ಹಣೆ ಚಚ್ಚಿಕೊಂಡಳು. "ದೇವರು ಕೈ ಬದಲು ಬಾಯಿ ತಗೊಂಡಿದ್ರೆ ಅವನ ಉದ್ದೇಶ ನನಗೆ ಆವತ್ತೇ ಅರ್ಥ ಆಗ್ತಿತ್ತು," ಎಂದು ಬೈಯುತ್ತಲೇ ಹೋಗಿ ಬಲೂನಿನ ಪೊಟ್ಟಣ ತಂದಳು. ಢಬ್, ಢಬ್ ಕೇಳಿ, ಯಾರ ಹುಟ್ಟುಹಬ್ಬ ಎಂದು ನೆರೆಯವರು ವಿಚಾರಿಸಿದರು. ಶುಕ್ರವಾರ ಸಂಜೆ ಒಂದು ಬಲೂನು ಒಡೆಯದೆ ಉಳಿಯಿತು. ಒಂದೇ ಒಂದು.

ಶನಿವಾರ ಮಗಳ ಜೊತೆ ಕ್ರೇನಣ್ಣ ಬಂದ. ಮೂವರೂ ಸೇರಿ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ನೋಡಿದರೆ ತಲೆದಿಂಬಿಲ್ಲ. ತಲೆ ನಿಲ್ಲದೆ ಮುಂದಕ್ಕೆ ತೂಗುತ್ತಿದೆ. ಮಗಳು ಅಪ್ಪನ ಎಡಮುಷ್ಟಿಯನ್ನು ಹಿಡಿದು ಮಂಡಿಯೂರಿದ್ದಳು. ಹೆಂಡತಿ ಒಂದು ಕೈಯಲ್ಲಿ ಬಿಸಿನೀರಿನ ಬಟ್ಟಲು ಹಿಡಿದು ಇನ್ನೊಂದರಲ್ಲಿ ಕೆನ್ನೆಯ ಚರ್ಮ ಎಳೆದು ಹಿಡಿದಿದ್ದಳು.

"ತಲೆ ಹಿಡ್ಕೊಳೇ."

"ನಂಗಿರೋದು ಎರಡೇ ಕೈ ಕಣ್ರಿ. ನಿಮ್ಮದೊಂದು ಸುಮ್ನೆ ಬಿದ್ದಿದೆಯಲ್ಲ!"

ಬಟ್ಟಲು ಕೆಳಗಿಟ್ಟು, ಅವನ ಬಲಗೈಯನ್ನು ಮಗುವನ್ನೆತ್ತುವ ಹಾಗೆ ಎತ್ತಿ, ಕ್ರೇನಣ್ಣನ ನಡುನೆತ್ತಿಯ ಮೇಲೆ ಅಂಗೈ ಕೆಳಗೆ ಮಾಡಿ ಇಟ್ಟಳು. ಸತ್ತ ಕೈ ಎಂದರೆ ಭಾರ. ಆ ಭಾರಕ್ಕೆ ತಲೆ ಹಿಂದಕ್ಕೆ ಒರಗಿ, ಹಿಂದೆ ನಿಂತ ರೇಡಿಯೊನ ಎದೆಗೆ ತಾಗಿ ನಿಂತಿತು.

ಗಡ್ಡವನ್ನು ಕತ್ತರಿಯಲ್ಲಿ ಇಳಿಸಿ, ನೊರೆ ಹಚ್ಚಿ, ಅವನು ಕತ್ತಿ ಹಿಡಿದ. "ಕರ್ತನೇ, ಕೈ ನಿಂದು, ಕೆನ್ನೆ ಇವರದು. ರಕ್ತ ಬಂದ್ರೆ ಮಾನ ನಂದು," ಎಂದು ಗೊಣಗಿ ಕೆಲಸ ಶುರುಮಾಡಿದ.

"ಕಿವಿ ಕೆಳಗಿದ್ದೀನಿ ಕ್ರೇನಣ್ಣ. ಕೆಳಗೆ ಬರ್ತಾ ಇದ್ದೀನಿ. ದವಡೆ ಮೂಳೆ. ನಿಂತೆ. ಉಸಿರಾಡಿ. ಮತ್ತೆ ಮೇಲಿಂದ. ಈಗ ನಿಮಗೆ ಏನೂ ತಿಳಿಯದ ಜಾಗ, ನಂಗೂ ತಿಳಿಯಲ್ಲ ಅಲ್ಲಿ. ಇಲ್ಲೇ ಇದ್ದೀನಿ. ಬಾಯಿ ಮೂಲೆಗೆ ಬಂದೆ. ದಾಟಿದೆ."

ಆಯುಷ್ಯವಿಡೀ ಊರವರ ಸಂಸಾರ ಮಾತಾಡಿದ ಬಾಯಿ ಈಗ ತನ್ನ ಕೈ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತಿತ್ತು, ಒಂದೇ ಸಮನೆ, ಮೆಲುದನಿಯಲ್ಲಿ. ಕ್ರೇನಣ್ಣ ಕಣ್ಣು ಮುಚ್ಚಿದ. ಮಗಳ ಕೈಯೊಳಗಿನ ಮುಷ್ಟಿ ಒಂದೊಂದೇ ಬೆರಳಾಗಿ ಸಡಿಲವಾಯಿತು.

ಆಗಲೇ ಪಾಸ್ಟರು ವ್ಯಾನಿನವನನ್ನು ಕರೆದುಕೊಂಡು ಬಂದದ್ದು. ಕಂಕುಳಲ್ಲಿ ತಲೆದಿಂಬು. ಬಾಗಿಲಲ್ಲಿ ನಿಂತು ನೋಡುತ್ತಾರೆ: ಕೂತವನ ಕಣ್ಣು ಮುಚ್ಚಿದೆ, ನೆತ್ತಿಯ ಮೇಲೆ ಕೈಯಿದೆ, ಹಿಂದೆ ನಿಂತವನ ತುಟಿ ಮಿಸುಕುತ್ತಿದೆ, ಹೆಂಗಸರಿಬ್ಬರೂ ತಲೆ ಬಗ್ಗಿಸಿದ್ದಾರೆ. ಸಭೆ ನಡೆಸುವ ಮನುಷ್ಯ ಇನ್ನೇನೆಂದುಕೊಂಡಾನು? ತಾವೂ ಕಣ್ಣು ಮುಚ್ಚಿ ತಲೆಬಾಗಿ ನಿಂತುಬಿಟ್ಟರು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಪಾಸ್ಟರು ಕಣ್ಣು ತೆರೆಯದೆಯೇ ಕೈ ಹಿಂದೆ ಮಾಡಿ, ಸುಮ್ಮನಿರು ಎಂದು ಸನ್ನೆ ಮಾಡಿದರು.

ಕನ್ನಡಿಯಲ್ಲಿ ಇದನ್ನು ಕಂಡ ಹೆಂಡತಿಯ ಭುಜ ಕುಣಿಯತೊಡಗಿತು. "ನಗಬೇಡ್ವೇ, ಕೆನ್ನೆ ಅಲ್ಲಾಡುತ್ತೆ," ಎಂದ ರೇಡಿಯೊ, ಹಲ್ಲು ಕಚ್ಚಿ. ಗಲ್ಲ, ಗಂಟಲು, ಮೇಲ್ದುಟಿ. ಎಲ್ಲೂ ಒಂದು ಹನಿ ಕೆಂಪಿಲ್ಲ.

"ಆಯ್ತು," ಎಂದ.

"ಆಮೆನ್," ಎಂದರು ಪಾಸ್ಟರು ಗಟ್ಟಿಯಾಗಿ. ಕಣ್ಣು ತೆರೆದರೆ ನೊರೆ, ಕತ್ತಿ, ನೆಲದ ತುಂಬ ಗಡ್ಡ.

ಹೆಂಡತಿ ನಕ್ಕಳು ನೋಡಿ, ಕಾಲು ತಾಗಿ ಬಟ್ಟಲಿನ ನೀರೆಲ್ಲ ಚೆಲ್ಲಿತು. ಮಗಳು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಕನ್ನಡಿಯೊಳಗೆ ರೇಡಿಯೊ, ಕ್ರೇನಣ್ಣ ಇಬ್ಬರದೂ ಒಂದೇ ಬದಿಯ ಅರ್ಧ ಬಾಯಿ ನಗುತ್ತಿತ್ತು.

ಪಾಸ್ಟರ ಮುಖ ಕೆಂಪಾಗಿತ್ತು. "ಇದನ್ನ ಎಲ್ಲಿಡಲಿ ಅಣ್ಣ? ವ್ಯಾನಲ್ಲಾ?" ಎಂದರು, ತಲೆದಿಂಬು ತೋರಿಸಿ.

ರೇಡಿಯೊ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. "ಅದರ ಜಾಗದಲ್ಲೇ ಕೂರಿಸಿ ಪಾಸ್ಟ್ರೇ. ಸೋಮವಾರದಿಂದ ಬೇಕಾಗುತ್ತೆ."

"ಹಾಗಾದ್ರೆ ಕೈ ಸ್ವಲ್ಪ ತೆಗೀರಿ, ಸ್ಕ್ರೂ ಹಾಕ್ತೀನಿ."

ತೆಗೆಯುವುದು ಅವನಿಂದಾಗದ ಮಾತು. ಹೆಂಡತಿ ಕೈ ಚಾಚಿದಳು. ಅಷ್ಟರಲ್ಲಿ ಕ್ರೇನಣ್ಣನ ಎಡಗೈ ಮೇಲೆದ್ದು, ತನ್ನ ನೆತ್ತಿಯ ಮೇಲಿದ್ದ ಆ ಕೈಯನ್ನು ಮೇಲಿನಿಂದ ಒತ್ತಿ ಹಿಡಿಯಿತು. ಬಿಡಲಿಲ್ಲ. ಅವಳು ಹಿಂದೆ ಸರಿದಳು. ಪಾಸ್ಟರು ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಕಾದರು.

ಇಷ್ಟೇ. ನಿಮ್ಮಲ್ಲಿ ಯಾರಿಗಾದರೂ "ಯಾಕಪ್ಪಾ" ಎಂದು ಗೋಡೆ ನೋಡುತ್ತ ಮಲಗಿದವರು ಗೊತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಕೊನೆಗೆ ನಿಮ್ಮದೊಂದು ಬುದ್ಧಿಮಾತು ಸೇರಿಸಿದಿರೋ, ಜೋಕೆ. ಬಲೂನಿನ ಬಣ್ಣ ಕೇಳಿದರೆ ಮಾತ್ರ ಕೆಂಪು ಎನ್ನಿ.